ಕಡಲಿನ ಅಲೆ ಮತ್ತು ಉಬ್ಬರವಿಳಿತದ ವಿದ್ಯುತ್ತು ನಮ್ಮ ಬಯಲುಸೀಮೆಗೆ ಒದಗೀತೇ?

ತಿರುಮಣಿ ಸೀಮೆಯವ, ಪಾವಗಡ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಏಳು ಎಕರೆ ಖುಷ್ಕಿ ಜಮೀನು ಪಾವಗಡದ ಸೋಲಾರ್ ಪಾರ್ಕಿಗೆ ಗುತ್ತಿಗೆಯಾಗಿ ಹೋಗಿ ಕೆಲವು ವರ್ಷಗಳಾದವು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆ ಹಣ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರುತ್ತದೆ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬಿತ್ತನೆ ಬೀಜದ ದುಡ್ಡೂ ಹುಟ್ಟದಿದ್ದ ನೆಲಕ್ಕೆ ಇದು ಕಡಿಮೆಯ ಮೊತ್ತವೇನಲ್ಲ, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಮ್ಮ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದವರಿಗೆ ಆ ಹಣದಲ್ಲಿ ಪಾಲಿಲ್ಲ, ಕುರಿ ಮೇಯಿಸುವವರು ತಂತಿ ಬೇಲಿಯನ್ನು ಬಳಸಿಕೊಂಡು ಮೈಲಿಗಟ್ಟಲೆ ಸುತ್ತಬೇಕಾಗಿದೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಫಲಕಗಳನ್ನು ಹಾಸಿದ್ದಾರೆ. ಹೊತ್ತು ಮುಳುಗುತ್ತಲೇ ಅಷ್ಟೂ ಫಲಕಗಳು ಸುಮ್ಮನಾಗುತ್ತವೆ. ಜನ ದೀಪ ಹಚ್ಚಿ, ಮಿಕ್ಸಿ ತಿರುಗಿಸಿ, ಟಿ.ವಿ. ಮುಂದೆ ಕೂರುವುದು ಆಮೇಲೆ.

ನನ್ನ ಪ್ರಶ್ನೆ ಇಷ್ಟು. ಕಡಲು ಹಗಲು ರಾತ್ರಿಯ ಭೇದವಿಲ್ಲದೆ ಅಲುಗಾಡುತ್ತಲೇ ಇರುತ್ತದೆ. ಅಲ್ಲಿ ಯಾರ ಪಹಣಿಯೂ ಇಲ್ಲ, ಯಾರ ಬದುವೂ ಇಲ್ಲ. ನಮ್ಮ ರಾಜ್ಯಕ್ಕೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಕರಾವಳಿಯಿದೆ. ಹೀಗಿರುವಾಗ ಅಲೆಯಿಂದಲೋ ಉಬ್ಬರವಿಳಿತದಿಂದಲೋ ವಿದ್ಯುತ್ತು ತೆಗೆಯುವುದನ್ನು ಬಿಟ್ಟು ರೈತರ ಹೊಲಗಳಿಗೇ ಬರುವುದೇಕೆ? ತಿಳಿದವರು ಸಾವಧಾನವಾಗಿ ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಹಳೇ ಲೈನಿನವ, ತುಮಕೂರು

ಸೀಮೆಯವರೇ, ವಿದ್ಯುತ್ ಇಲಾಖೆಯಲ್ಲಿ ಮೂರು ದಶಕ ದುಡಿದು ನಿವೃತ್ತನಾದವನಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಮೊದಲು ಅಲೆಯನ್ನೂ ಉಬ್ಬರವನ್ನೂ ಬೇರೆ ಬೇರೆ ಇಡೋಣ. ಅಲೆಯನ್ನು ಎಬ್ಬಿಸುವುದು ಗಾಳಿ. ಉಬ್ಬರವನ್ನು ಎಳೆಯುವುದು ಚಂದ್ರ, ಅವನ ಜೊತೆಗೆ ಸ್ವಲ್ಪ ಮಟ್ಟಿಗೆ ಸೂರ್ಯ. ಎರಡಕ್ಕೂ ಬೇಕಾಗುವ ಯಂತ್ರಗಳು ಬೇರೆ, ತಾಪತ್ರಯಗಳೂ ಬೇರೆ.

ಉಬ್ಬರದ ವಿದ್ಯುತ್ತು ನಮ್ಮ ಕಡೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ, ಏಕೆಂದರೆ ಅದು ಒಂದು ಕೆರೆ. ಕೊಲ್ಲಿಯ ಅಥವಾ ಅಳಿವೆಯ ಬಾಯಿಗೆ ಅಡ್ಡಲಾಗಿ ಏರಿ ಕಟ್ಟುತ್ತಾರೆ, ಏರಿಯಲ್ಲಿ ತೂಬುಗಳನ್ನಿಟ್ಟು ಆ ತೂಬುಗಳೊಳಗೆ ಟರ್ಬೈನು ಕೂರಿಸುತ್ತಾರೆ. ಉಬ್ಬರ ಬಂದಾಗ ಕೆರೆ ತುಂಬುತ್ತದೆ. ಕಡಲು ಇಳಿದ ಮೇಲೆ ತೂಬು ತೆರೆದರೆ ಒಳಗಿನ ನೀರು ರಭಸದಿಂದ ಹೊರಗೆ ಹೋಗುತ್ತಾ ಟರ್ಬೈನನ್ನು ತಿರುಗಿಸುತ್ತದೆ. ನಮ್ಮ ಕೆರೆಗಳು ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಒಮ್ಮೆ ಕೋಡಿ ಹರಿದರೆ ಬಾಗಿನ ಕೊಟ್ಟು ಸಂಭ್ರಮಿಸುತ್ತೇವೆ, ಆ ಕೆರೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಕ್ಕೊಮ್ಮೆ ತಾನಾಗಿ ತುಂಬುತ್ತದೆ.

ಇದು ಕನಸಿನ ಮಾತಲ್ಲ. ಫ್ರಾನ್ಸಿನ ರಾನ್ಸ್ ನದಿಯ ಅಳಿವೆಯಲ್ಲಿ 1966ರಿಂದ ಇಂಥ ಕೇಂದ್ರ ಕೆಲಸ ಮಾಡುತ್ತಿದೆ. ಹತ್ತು ಮೆಗಾವ್ಯಾಟಿನ 24 ಟರ್ಬೈನುಗಳು, ಒಟ್ಟು 240 ಮೆಗಾವ್ಯಾಟ್. ಅದನ್ನು ಮೀರಿಸಿದ ಕೇಂದ್ರ ಬರಲು 45 ವರ್ಷ ಬೇಕಾಯಿತು: 2011ರಲ್ಲಿ ದಕ್ಷಿಣ ಕೊರಿಯಾದ ಸಿಹ್ವಾದಲ್ಲಿ 254 ಮೆಗಾವ್ಯಾಟಿನ ಕೇಂದ್ರ ಶುರುವಾಯಿತು. ಸಿಹ್ವಾದ ಏರಿಯನ್ನು ವಿದ್ಯುತ್ತಿಗಾಗಿ ಕಟ್ಟಿರಲಿಲ್ಲ. 1994ರಲ್ಲಿ ಸಿಹಿನೀರು ಶೇಖರಿಸಲೆಂದು ಕಡಲಿಗೆ ಅಡ್ಡಗೋಡೆ ಹಾಕಿದರು, ನೀರು ನಿಂತು ಕಲುಷಿತವಾಯಿತು, ಕೊನೆಗೆ ಕಡಲನ್ನೇ ಮತ್ತೆ ಒಳಗೆ ಬಿಡಬೇಕಾಗಿ ಬಂದಾಗ ಆ ಹರಿವಿಗೆ ಟರ್ಬೈನು ಹಿಡಿದರು. ದೊಡ್ಡ ಖರ್ಚಾದ ಏರಿ ಮೊದಲೇ ಇದ್ದುದರಿಂದ ಯೋಜನೆ ಕೈಗೂಡಿತು.

ಏರಿಯನ್ನೇ ಹಾಕದೆ, ನೀರಿನ ಸೆಳೆತ ಜೋರಾಗಿರುವ ಇಕ್ಕಟ್ಟಿನ ಜಾಗದಲ್ಲಿ ತಳಕ್ಕೆ ಗಾಳಿಯಂತ್ರದಂಥ ರೆಕ್ಕೆಗಳನ್ನು ನಿಲ್ಲಿಸುವ ಇನ್ನೊಂದು ಕ್ರಮವೂ ಇದೆ. ಸ್ಕಾಟ್ಲೆಂಡಿನ ಉತ್ತರದ ಪೆಂಟ್‌ಲೆಂಡ್ ಜಲಸಂಧಿಯಲ್ಲಿ ಮೇಜೆನ್ ಎಂಬ ಯೋಜನೆಯವರು ಒಂದೂವರೆ ಮೆಗಾವ್ಯಾಟಿನ ನಾಲ್ಕು ಯಂತ್ರಗಳನ್ನು ಹೀಗೆ ನಿಲ್ಲಿಸಿದ್ದಾರೆ. ನೀರು ಗಾಳಿಗಿಂತ ಎಂಟುನೂರು ಪಟ್ಟಿಗೂ ಹೆಚ್ಚು ಸಾಂದ್ರವಾದ್ದರಿಂದ ಚಿಕ್ಕ ರೆಕ್ಕೆಯೇ ಸಾಕಾಗುತ್ತದೆ.

ನಂದಿ ತಪ್ಪಲಿನ ಮೇಷ್ಟ್ರು, ಚಿಕ್ಕಬಳ್ಳಾಪುರ

ಕೆರೆಯ ಹೋಲಿಕೆ ಬಹಳ ಸೊಗಸಾಗಿದೆ. ಭೌತಶಾಸ್ತ್ರ ಪಾಠ ಮಾಡುವವನ ಚಪಲದಿಂದ ಅದಕ್ಕೊಂದು ಲೆಕ್ಕ ಸೇರಿಸುತ್ತೇನೆ, ಏಕೆಂದರೆ ಸೀಮೆಯವರ ಪ್ರಶ್ನೆಗೆ ಅರ್ಧ ಉತ್ತರ ಆ ಲೆಕ್ಕದಲ್ಲೇ ಇದೆ.

ಉಬ್ಬರದ ಕೆರೆಯಲ್ಲಿ ನೀರಿನ ಎತ್ತರವನ್ನು ಎರಡು ಸಲ ಗಣಿಸಬೇಕು. ಎತ್ತರ ಹೆಚ್ಚಿದರೆ ತುಂಬಿಕೊಳ್ಳುವ ನೀರಿನ ತೂಕವೂ ಹೆಚ್ಚುತ್ತದೆ, ಆ ನೀರು ಬೀಳುವ ದೂರವೂ ಹೆಚ್ಚುತ್ತದೆ. ಆದ್ದರಿಂದ ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಈಗ ಒಂದು ಚದರ ಕಿಲೋಮೀಟರ್, ಅಂದರೆ 247 ಎಕರೆ ವಿಸ್ತಾರದ ಕೆರೆಯೊಂದನ್ನು ಕಲ್ಪಿಸಿಕೊಳ್ಳಿ. ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ದೊಡ್ಡ ದಿನಗಳಲ್ಲೂ ಒಂದೂವರೆ ಮೀಟರಿನ ಆಸುಪಾಸು, ಕಾರವಾರದ ಕಡೆ ತುಸು ಹೆಚ್ಚು. ಒಂದೂವರೆ ಮೀಟರಿಗೆ ಲೆಕ್ಕ ಹಾಕಿದರೆ ಕೆರೆ ಒಮ್ಮೆ ಬರಿದಾಗುವಾಗ ಸಿಗಬಹುದಾದ ಶಕ್ತಿ ಸುಮಾರು 3,100 ಯೂನಿಟ್. ದಿನಕ್ಕೆ ಎರಡು ಬಾರಿ, ಅದರಲ್ಲಿ ಮೂರನೆಯ ಒಂದು ಭಾಗ ಕೈಗೆ ಬಂದರೆ ದಿನಕ್ಕೆ 2,000 ಯೂನಿಟ್. ಹತ್ತು ಎಚ್.ಪಿ. ಪಂಪ್‌ಸೆಟ್ ಏಳು ಗಂಟೆ ಓಡಿದರೆ 50 ಯೂನಿಟ್ ದಾಟುತ್ತದೆ. ಅಂದರೆ 247 ಎಕರೆಯ ಕಡಲ ಕೆರೆಯಿಂದ ಸುಮಾರು ನಲವತ್ತು ಪಂಪ್‌ಸೆಟ್‌ಗಳು ಓಡಬಹುದು. ಅಷ್ಟೇ.

ಅದೇ ಕೆರೆಯಲ್ಲಿ ಎಂಟು ಮೀಟರ್ ಅಂತರವಿದ್ದರೆ ಪ್ರತಿ ಬಾರಿಗೆ 89,000 ಯೂನಿಟ್ ಆಗುತ್ತದೆ, ದಿನಕ್ಕೆ ಕೈಗೆ ಸಿಗುವುದು 60,000ದ ಹತ್ತಿರ. ನನ್ನ ಈ ಅಂದಾಜು ಗಾಳಿಯಲ್ಲಿ ಗುದ್ದಿದ್ದಲ್ಲ: ರಾನ್ಸ್ ಕೇಂದ್ರದ ಜಲಾಶಯ ಸುಮಾರು 22 ಚದರ ಕಿಲೋಮೀಟರ್, ಅಲ್ಲಿನ ಸರಾಸರಿ ಅಂತರ ಎಂಟು ಮೀಟರ್, ವರ್ಷದ ಉತ್ಪಾದನೆ ಸುಮಾರು 50 ಕೋಟಿ ಯೂನಿಟ್. ಭಾಗಿಸಿ ನೋಡಿದರೆ ಚದರ ಕಿಲೋಮೀಟರಿಗೆ ದಿನಕ್ಕೆ 62,000 ಯೂನಿಟ್ ಬರುತ್ತದೆ.

ಪಾವಗಡದ 247 ಎಕರೆಯಲ್ಲಿ ಎಷ್ಟು ಬರುತ್ತದೆ? ಮೆಗಾವ್ಯಾಟಿಗೆ ಆರು ಚಿಲ್ಲರೆ ಎಕರೆಯಂತೆ 39 ಮೆಗಾವ್ಯಾಟ್ ಕೂರುತ್ತದೆ, ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕೂವರೆ ಯೂನಿಟ್ ಹಿಡಿದರೆ ಒಂದೂಮುಕ್ಕಾಲು ಲಕ್ಷ ಯೂನಿಟ್. ನಮ್ಮ ಬಿಸಿಲು ಫ್ರಾನ್ಸಿನ ಉಬ್ಬರಕ್ಕಿಂತ ಮೂರು ಪಟ್ಟು, ಮಂಗಳೂರಿನ ಉಬ್ಬರಕ್ಕಿಂತ ಎಂಬತ್ತು ಪಟ್ಟಿಗೂ ಹೆಚ್ಚು ಫಲ ಕೊಡುವ ಬೆಳೆ. ಅವರು ನಿಮ್ಮ ಹೊಲಕ್ಕೇ ಬಂದದ್ದು ಇದೇ ಕಾರಣಕ್ಕೆ.

ತಿರುಮಣಿ ಸೀಮೆಯವ, ಪಾವಗಡ

ಮೇಷ್ಟ್ರೇ, ಎಂಬತ್ತು ಪಟ್ಟು ಎಂದದ್ದನ್ನು ಎರಡು ಸಲ ಓದಿಕೊಂಡೆ. ನಮ್ಮ ನೆಲವನ್ನು ಜನ್ಮವೆಲ್ಲ ಬಂಜರೆಂದು ಬೈದುಕೊಂಡು ಬಂದವನಿಗೆ ಇದು ಹೊಸ ಸುದ್ದಿ. ಆದರೆ ಒಂದು ಸಂಶಯ. ಒಂದೇ ದೇಶದ ಒಂದೇ ಪಶ್ಚಿಮ ಕಡಲಿನಲ್ಲಿ ಗುಜರಾತಿನ ಖಂಭಾತ್ ಕೊಲ್ಲಿಗೆ ಹತ್ತು ಮೀಟರು ಮೀರಿದ ಉಬ್ಬರ ಬರುತ್ತದೆಂದು ಓದಿದ್ದೇನೆ. ಮಂಗಳೂರಿಗೆ ಒಂದೂವರೆ ಮೀಟರ್ ಏಕೆ?

ನಂದಿ ತಪ್ಪಲಿನ ಮೇಷ್ಟ್ರು, ಚಿಕ್ಕಬಳ್ಳಾಪುರ

ಖಂಭಾತ್ ಕೊಲ್ಲಿ ಆಲಿಕೆಯಂತಿದೆ. ಬಾಯಿ ಅಗಲ, ಒಳಗೆ ಹೋದಂತೆ ಇಕ್ಕಟ್ಟು, ಜೊತೆಗೆ ಆಳವೂ ಕಡಿಮೆಯಾಗುತ್ತದೆ. ಒಳನುಗ್ಗಿದ ನೀರಿಗೆ ಪಕ್ಕಕ್ಕೆ ಹೋಗಲು ಜಾಗವಿಲ್ಲದೆ ಮೇಲಕ್ಕೆ ಏರುತ್ತದೆ, ಗರಿಷ್ಠ ಸುಮಾರು 11 ಮೀಟರಿನವರೆಗೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಇಂಥ ಆಕಾರವೂ ಒಂದು ಕಾರಣವಾಗಿ 16 ಮೀಟರಿನಷ್ಟು ಏರುತ್ತದೆ. ನಮ್ಮ ಕರಾವಳಿ ಗೆರೆ ಎಳೆದಂತೆ ನೇರವಾಗಿರುವುದರಿಂದ ನೀರನ್ನು ಹೀಗೆ ಹಿಂಡುವ ಇಕ್ಕಟ್ಟು ಇಲ್ಲ.

ಕೋಲಾರದ ಸೊಸೆ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನ ತವರು ಕುಮಟಾ ತಾಲ್ಲೂಕಿನ ಅಘನಾಶಿನಿ ಹೊಳೆಯ ದಡ, ಮದುವೆಯಾಗಿ ಕೋಲಾರಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಸೀಮೆಯವರ ಮೊದಲ ಪತ್ರದಲ್ಲಿದ್ದ ‘ಅಲ್ಲಿ ಯಾರ ಪಹಣಿಯೂ ಇಲ್ಲ’ ಎಂಬ ಮಾತಿಗೆ ಉತ್ತರ ಕೊಡದೆ ಇರಲಾರೆ. ಅಣ್ಣ, ಬೇಸರ ಮಾಡಿಕೊಳ್ಳಬೇಡಿ.

ಹಳೇ ಲೈನಿನ ಸರ್ ಹೇಳಿದ ಏರಿ ತೂಬಿನ ಕಡಲ ಕೆರೆಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಹೊಳೆಯ ಅಂಚಿನಲ್ಲಿ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಗಳಿಗೆ ನಾವು ಗಜನಿ ಎನ್ನುತ್ತೇವೆ. ಅವುಗಳ ಸುತ್ತ ಮಣ್ಣು ಕಲ್ಲಿನ ಕಟ್ಟು ಇರುತ್ತದೆ, ಕಟ್ಟಿನಲ್ಲಿ ಜಂತ್ರಡಿ ಎಂಬ ಮರದ ಹಲಗೆಯ ಬಾಗಿಲು ಇರುತ್ತದೆ. ಮಳೆಗಾಲದಲ್ಲಿ ಬಾಗಿಲು ಹಾಕಿ ಉಪ್ಪನ್ನು ತಡೆದು ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಉಬ್ಬರಕ್ಕೆ ಬಾಗಿಲು ತೆರೆದು ನೀರು ಒಳಗೆ ಬಿಡುತ್ತಾರೆ, ಇಳಿತಕ್ಕೆ ಬಾಗಿಲಿಗೆ ಬಲೆ ಕಟ್ಟಿ ಸಿಗಡಿ, ಮೀನು ಹಿಡಿಯುತ್ತಾರೆ. ನಮ್ಮಜ್ಜ ರಾತ್ರಿ ಎರಡು ಗಂಟೆಗೂ ಲಾಟೀನು ಹಿಡಿದು ಹೋಗುತ್ತಿದ್ದರು, ಏಕೆಂದರೆ ಇಳಿತಕ್ಕೆ ಹಗಲು ರಾತ್ರಿ ಇಲ್ಲ. ಅವರು ಹಲಗೆ ಎತ್ತುವಾಗ ನೀರು ಸಣ್ಣಗೆ ಸಿಳ್ಳೆ ಹೊಡೆಯುತ್ತಾ ಹೊರಡುತ್ತಿತ್ತು, ಆಮೇಲೆ ಇಡೀ ಕಟ್ಟು ನಡುಗುವ ಹಾಗೆ ಗುಡುಗುತ್ತಿತ್ತು. ಆ ನೀರಿನಲ್ಲಿ ಶಕ್ತಿ ಇದೆ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಹೊಳೆಯ ಬಾಯಿಗೇ ಏರಿ ಬಿದ್ದರೆ ಏನಾಗುತ್ತದೆಂದು ಯೋಚಿಸಿ. ಇಳಿತದಲ್ಲಿ ಬರಿದಾಗುವ ಮರಳು ದಿಬ್ಬಗಳ ಮೇಲೆ ಕೂತು ಹೆಂಗಸರು ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಎರಡು ಮೂರು ತಾಸು ಮಾತ್ರ ಬಯಲಾಗುವ ಆ ದಿಬ್ಬಕ್ಕೆ ಪಹಣಿ ಇಲ್ಲ, ಆದರೆ ಎಷ್ಟು ಮನೆಗಳ ಅಡುಗೆ ಅದರ ಮೇಲೆ ನಿಂತಿದೆ ಎಂದು ಅಲ್ಲಿಯವರಿಗೆ ಗೊತ್ತು. ನೀರನ್ನು ತಾಸುಗಟ್ಟಲೆ ಎತ್ತರದಲ್ಲಿ ಹಿಡಿದಿಟ್ಟರೆ ದಿಬ್ಬ ಬಯಲಾಗುವುದೇ ಇಲ್ಲ. ನಿಮ್ಮ ಕುರಿ ಮೇಯಿಸುವವರ ಹೆಸರು ಗುತ್ತಿಗೆ ಪತ್ರದಲ್ಲಿ ಇಲ್ಲದಿದ್ದಂತೆಯೇ ಇವರ ಹೆಸರೂ ಯಾವ ಪತ್ರದಲ್ಲೂ ಇರುವುದಿಲ್ಲ.

ನಂದಿ ತಪ್ಪಲಿನ ಮೇಷ್ಟ್ರು, ಚಿಕ್ಕಬಳ್ಳಾಪುರ

ತಾಯಿ, ನೀವು ಹೇಳಿದ್ದಕ್ಕೆ ಹೊರದೇಶದಲ್ಲೂ ಸಾಕ್ಷಿಯಿದೆ. ರಾನ್ಸ್ ಕೇಂದ್ರ ಕಟ್ಟುವಾಗ ಸುಮಾರು ಮೂರು ವರ್ಷ ಅಳಿವೆಗೆ ಉಬ್ಬರವೇ ಬಾರದಂತೆ ಮುಚ್ಚಿದ್ದರಿಂದ ಅಲ್ಲಿನ ಜೀವಜಾಲ ಬಹುಮಟ್ಟಿಗೆ ಅಳಿದು, ಮತ್ತೆ ಕೂಡಿಕೊಳ್ಳಲು ವರ್ಷಗಳೇ ಹಿಡಿದವು. ಕೆನಡಾದ ಅನ್ನಾಪೊಲಿಸ್ ರಾಯಲ್‌ನಲ್ಲಿ 1984ರಲ್ಲಿ ಆರಂಭವಾದ 20 ಮೆಗಾವ್ಯಾಟಿನ ಉಬ್ಬರ ಕೇಂದ್ರ 2019ರಲ್ಲಿ ನಿಂತಿತು, ಟರ್ಬೈನಿಗೆ ಸಿಕ್ಕು ಸಾಯುವ ಮೀನುಗಳ ವಿಷಯ ಅಲ್ಲಿ ಕೊನೆಯವರೆಗೂ ದೊಡ್ಡ ತಕರಾರಾಗಿಯೇ ಉಳಿಯಿತು.

ಲೆಕ್ಕದ ಪುಸ್ತಕ, ಗೌರಿಬಿದನೂರು

ಉಬ್ಬರದ ಕತೆ ನಮ್ಮ ರಾಜ್ಯದ ಮಟ್ಟಿಗೆ ಇಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇನೆ. ಅಲೆಯ ವಿಚಾರ ಯಾರೂ ಎತ್ತಲಿಲ್ಲ. ಅಲೆಗೆ ಕೊಲ್ಲಿಯೂ ಬೇಡ, ಏರಿಯೂ ಬೇಡವಲ್ಲವೇ?

ಹಳೇ ಲೈನಿನವ, ತುಮಕೂರು

ಬೇಡ, ಸರಿ. ಅಲೆಯಲ್ಲಿ ನಮ್ಮ ದೇಶಕ್ಕೆ ಒಂದು ಹಿರಿಮೆಯೂ ಇದೆ. ತಿರುವನಂತಪುರದ ಹತ್ತಿರದ ವಿಳಿಂಜಂನಲ್ಲಿ, ಮೀನುಗಾರಿಕೆ ಬಂದರಿನ ಅಲೆತಡೆ ಗೋಡೆಯ ಬಳಿ, ಮದರಾಸಿನ ಐ.ಐ.ಟಿ.ಯವರು 150 ಕಿಲೋವ್ಯಾಟಿನ ಅಲೆ ವಿದ್ಯುತ್ ಕೇಂದ್ರವನ್ನು 1991ರಲ್ಲೇ ನಡೆಸಿ ತೋರಿಸಿದರು.

ಅದರ ಕೆಲಸ ಕಮ್ಮಾರನ ಕುಲುಮೆಯ ತಿದಿಯಂತೆ. ಕಾಂಕ್ರೀಟಿನ ದೊಡ್ಡ ಪೆಟ್ಟಿಗೆ, ಅದರ ಕೆಳಭಾಗ ಕಡಲಿಗೆ ತೆರೆದಿರುತ್ತದೆ. ಅಲೆ ಒಳನುಗ್ಗಿದಾಗ ಪೆಟ್ಟಿಗೆಯೊಳಗಿನ ನೀರು ಏರಿ ಮೇಲಿನ ಗಾಳಿಯನ್ನು ಕಿರಿದಾದ ಕೊಳವೆಯ ಮೂಲಕ ಹೊರಗೆ ನೂಕುತ್ತದೆ, ಅಲೆ ಹಿಂದೆ ಸರಿದಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಕೊಳವೆಯಲ್ಲಿ ಟರ್ಬೈನು. ತಿದಿಯಲ್ಲಿ ಗಾಳಿ ಒಂದೇ ಕಡೆಗೆ ಊದಿದರೆ ಸಾಕು, ಇಲ್ಲಿ ಗಾಳಿ ಕ್ಷಣಕ್ಕೊಮ್ಮೆ ದಿಕ್ಕು ಬದಲಿಸುತ್ತದೆ, ಟರ್ಬೈನು ಮಾತ್ರ ಒಂದೇ ದಿಕ್ಕಿಗೆ ತಿರುಗಬೇಕು. ಇದಕ್ಕೆ ತಕ್ಕ ರೆಕ್ಕೆಯನ್ನು ರೂಪಿಸಿದವರು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಅಲನ್ ವೆಲ್ಸ್. ಈ ಟರ್ಬೈನು ಅವರ ಹೆಸರಿನಲ್ಲೇ ಇದೆ. ಸ್ಪೇನಿನ ಮುತ್ರಿಕು ಎಂಬ ಬಂದರಿನ ಅಲೆತಡೆ ಗೋಡೆಯೊಳಗೆ ಇಂಥವೇ 16 ಟರ್ಬೈನುಗಳನ್ನು 2011ರಲ್ಲಿ ಕೂರಿಸಿದರು, ಒಟ್ಟು 296 ಕಿಲೋವ್ಯಾಟ್. ಗೋಡೆಯನ್ನು ಹೇಗೂ ಕಟ್ಟಬೇಕಿತ್ತು. ಸಿಹ್ವಾದ ಬುದ್ಧಿವಂತಿಕೆಯೇ ಇಲ್ಲಿಯೂ ಕೆಲಸ ಮಾಡಿದೆ.

ದಡ ಬಿಟ್ಟು ಆಳ ಕಡಲಿಗೆ ಹೋದವರ ಅನುಭವ ಅಷ್ಟು ಸಿಹಿಯಲ್ಲ. ಪೆಲಾಮಿಸ್ ಎಂಬ ಹಾವಿನಂಥ ಕೀಲು ಕೀಲಿನ ಮೂರು ಯಂತ್ರಗಳನ್ನು 2008ರಲ್ಲಿ ಪೋರ್ಚುಗಲ್ಲಿನ ಕಡಲಲ್ಲಿ ತೇಲಿಬಿಟ್ಟರು, 2.25 ಮೆಗಾವ್ಯಾಟ್. ಕೆಲವೇ ತಿಂಗಳಲ್ಲಿ ಅವನ್ನು ದಡಕ್ಕೆ ಎಳೆದು ತರಬೇಕಾಯಿತು, 2014ರಲ್ಲಿ ಕಂಪನಿಯೂ ದಿವಾಳಿಗೆ ಬಂತು. ಅಲೆ ಯಂತ್ರದ ಮೂಲ ಸಂಕಟವೆಂದರೆ ಅದು ಸಂಪಾದಿಸುವುದು ದಿನನಿತ್ಯದ ಸಾಧಾರಣ ಅಲೆಗಳಲ್ಲಿ, ಆದರೆ ಅದನ್ನು ಕಟ್ಟಬೇಕಾದದ್ದು ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬರುವ ಚಂಡಮಾರುತವನ್ನು ತಾಳುವಷ್ಟು ಗಟ್ಟಿಯಾಗಿ. ಎತ್ತಿನ ಗಾಡಿಯ ಬಾಡಿಗೆ ಗಳಿಸಲು ಟಿಪ್ಪರ್ ಲಾರಿ ಕೊಂಡ ಹಾಗೆ. ಉಪ್ಪಿನ ತುಕ್ಕು, ಮೈಗೆಲ್ಲ ಅಂಟಿಕೊಳ್ಳುವ ಚಿಪ್ಪು ಇವು ಬೇರೆ. ಬರೀ ಮಳೆಗೆ ನೆನೆದ ಟಿ.ಸಿ.ಯೇ (ಟ್ರಾನ್ಸ್‌ಫಾರ್ಮರ್) ನಮ್ಮನ್ನು ರಾತ್ರಿಯಿಡೀ ನಿಲ್ಲಿಸಿಕೊಳ್ಳುತ್ತಿತ್ತು, ಉಪ್ಪುನೀರಿನಲ್ಲಿ ಮುಳುಗಿದ ಯಂತ್ರದ ಜೊತೆ ಸಂಸಾರ ಮಾಡುವವರ ಪಾಡು ನನಗೆ ಊಹೆಗೂ ನಿಲುಕದು.

ಕೊನೆಯದಾಗಿ ಋತುವಿನ ಮಾತು. ಅಲೆಯ ಶಕ್ತಿಯೂ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡೂವರೆ ಮೀಟರ್ ಎತ್ತರದ, ಒಂಬತ್ತು ಸೆಕೆಂಡಿಗೊಮ್ಮೆ ಬರುವ ಅಲೆಗಳಿದ್ದರೆ ಅಲೆಯ ಸಾಲಿನ ಒಂದು ಮೀಟರಿನಲ್ಲಿ ಸುಮಾರು 28 ಕಿಲೋವ್ಯಾಟ್ ಇರುತ್ತದೆ. ಅಲೆ ಮುಕ್ಕಾಲು ಮೀಟರಿಗೂ ಕೆಳಗಿಳಿದರೆ ಎರಡು ಕಿಲೋವ್ಯಾಟ್. ನಮ್ಮ ಕರಾವಳಿಯಲ್ಲಿ ಮುಂಗಾರು ಮೊದಲನೆಯದರಂತೆ, ಉಳಿದ ಕಾಲ ಎರಡನೆಯದರಂತೆ. ನಮಗೆ ವಿದ್ಯುತ್ತು ಸಾಲದೆ ಬರುವುದು ಫೆಬ್ರವರಿಯಿಂದ ಏಪ್ರಿಲ್, ಪಂಪ್‌ಸೆಟ್‌ಗಳೆಲ್ಲ ಓಡುವಾಗ. ಆಗ ಕಡಲು ಮಲಗಿರುತ್ತದೆ. ಅಲೆ ಎದ್ದಾಗ ಇಲ್ಲಿ ಮಳೆ ಬಿದ್ದು ಪಂಪ್‌ಸೆಟ್ ನಿಂತಿರುತ್ತದೆ. ಮುಂಗಾರಿನಲ್ಲಿ ಮೋಡ ಕವಿದು ಸೋಲಾರ್ ಕುಗ್ಗಿದಾಗ ಅಲೆ ನೆರವಾಗಬಹುದಲ್ಲ ಎನ್ನುತ್ತೀರೇನೋ. ಆ ತಿಂಗಳುಗಳಲ್ಲಿ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಆಗಲೇ ಬಿಡುವಿಲ್ಲದೆ ತಿರುಗುತ್ತಿರುತ್ತವೆ.

ಕೋಲಾರದ ಸೊಸೆ

ಸರ್, ಅದಕ್ಕೆ ಒಂದು ಸೇರಿಸಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಮರಿಗಳಿಗಾಗಿ ಮಾಡಿದ ನಿಯಮ ಅದು, ಆದರೆ ಆ ಕಡಲನ್ನು ನೋಡಿದವರಿಗೆ ನಿಯಮವಿಲ್ಲದಿದ್ದರೂ ಇಳಿಯಲು ಧೈರ್ಯ ಬಾರದು. ಯಂತ್ರ ಹೆಚ್ಚು ದುಡಿಯುವ ತಿಂಗಳಲ್ಲೇ ಅದು ಕೆಟ್ಟರೆ, ರಿಪೇರಿಗೆ ಹೋಗುವ ದೋಣಿ ಯಾವುದು?

ಚಾಂಪಿಯನ್ ರೀಫ್ ಮೊಮ್ಮಗ, ಕೆ.ಜಿ.ಎಫ್.

ಎಲ್ಲರೂ ಕರ್ನಾಟಕದ ಕರಾವಳಿಗೇ ಕಟ್ಟುಬಿದ್ದಿದ್ದೀರಿ. ವಿದ್ಯುತ್ತು ಹುಟ್ಟಿದ ಊರಿನಲ್ಲೇ ಉರಿಯಬೇಕೆಂಬ ನಿಯಮವಿಲ್ಲ. ಅದಕ್ಕೆ ನಮ್ಮ ಊರಿಗಿಂತ ದೊಡ್ಡ ಸಾಕ್ಷಿ ಬೇಡ. ಕೋಲಾರ ಜಿಲ್ಲೆಯಲ್ಲಿ ಹೇಳಿಕೊಳ್ಳುವಂಥ ನದಿಯೊಂದೂ ಹರಿಯುವುದಿಲ್ಲ, ಆದರೂ 1902ರಲ್ಲಿ ಶಿವನಸಮುದ್ರದ ಕಾವೇರಿಯ ವಿದ್ಯುತ್ತು ಸುಮಾರು 90 ಮೈಲಿ ತಂತಿಯ ಮೇಲೆ ಬಂದು ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಅದಕ್ಕಿಂತ ಹತ್ತಿರವಿದ್ದ ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ನಮ್ಮ ತಾತ ಗಣಿಯೊಳಗೆ ಇಳಿಯುತ್ತಿದ್ದ ಪಂಜರವನ್ನು ಇಳಿಸಿ ಏರಿಸುತ್ತಿದ್ದುದು ಆ ನದಿಯ ನೀರೇ, ಅವರು ಆ ನದಿಯನ್ನು ಸಾಯುವವರೆಗೂ ಕಣ್ಣಾರೆ ನೋಡಲಿಲ್ಲ.

ಹಾಗಾದರೆ ಹನ್ನೊಂದು ಮೀಟರ್ ಉಬ್ಬರದ ಖಂಭಾತಿನಿಂದ ಗ್ರಿಡ್ಡಿನ ಮೂಲಕ ನಾವೇಕೆ ಕೊಳ್ಳಬಾರದು? ದೇಶದ ಉಬ್ಬರ ಶಕ್ತಿಯ ಸಾಧ್ಯತೆಯನ್ನು ಸರ್ಕಾರವೇ 12,455 ಮೆಗಾವ್ಯಾಟ್ ಎಂದು ಅಂದಾಜಿಸಿದೆ. ಅಲೆ, ಉಬ್ಬರ ಮೊದಲಾದ ಕಡಲಿನ ಶಕ್ತಿಯೂ ನವೀಕರಿಸಬಹುದಾದ ಶಕ್ತಿಯೇ ಎಂದು ಕೇಂದ್ರ ಸಚಿವಾಲಯ 2019ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ವಿದ್ಯುತ್ ಕಂಪನಿಗಳು ಕಡ್ಡಾಯವಾಗಿ ಕೊಳ್ಳಬೇಕಾದ ಪಾಲಿನಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಲೆಕ್ಕದ ಪುಸ್ತಕ, ಗೌರಿಬಿದನೂರು

ಮೊಮ್ಮಗನವರೇ, ಶಿವನಸಮುದ್ರದ ಉದಾಹರಣೆ ನಿಮ್ಮ ವಾದಕ್ಕಿಂತ ನನ್ನ ವಾದಕ್ಕೇ ಹೆಚ್ಚು ಒದಗುತ್ತದೆ. ಆ ತಂತಿ 90 ಮೈಲಿ ಬಂದದ್ದು ತುದಿಯಲ್ಲಿ ಚಿನ್ನ ಇದ್ದುದರಿಂದ. ದುಬಾರಿಯಾದರೂ ಕೊಳ್ಳುತ್ತೇನೆ ಎನ್ನುವ ಗಿರಾಕಿ ಮೊದಲೇ ನಿಂತಿದ್ದ. ಬೆಂಗಳೂರು ಕಾದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಕಡಲಿನ ವಿದ್ಯುತ್ತಿಗೆ ಅಂಥ ಗಿರಾಕಿ ಯಾರು? ಪಶ್ಚಿಮ ಬಂಗಾಳದ ಸುಂದರಬನದಲ್ಲಿ, ದುರ್ಗಾದುವಾನಿ ಎಂಬ ಕಡಲ ಕಾಲುವೆಯ ಮೇಲೆ, 3.75 ಮೆಗಾವ್ಯಾಟಿನ ಉಬ್ಬರ ಕೇಂದ್ರ ಕಟ್ಟಲು ಹೊರಟರು. ಅದರ ವೆಚ್ಚ 238 ಕೋಟಿ ರೂಪಾಯಿ ಆಗುತ್ತದೆಂದು ತಿಳಿಯಿತು, ಮೆಗಾವ್ಯಾಟಿಗೆ 63 ಕೋಟಿಗೂ ಹೆಚ್ಚು. ಯೋಜನೆ ಕೈಬಿಟ್ಟರು. ಗುಜರಾತಿನ ಕಛ್ ಕೊಲ್ಲಿಯ 50 ಮೆಗಾವ್ಯಾಟಿನ ಯೋಜನೆಗೆ 750 ಕೋಟಿ ಎಂದರು, ಮೆಗಾವ್ಯಾಟಿಗೆ 15 ಕೋಟಿ. ಅದೂ ಮೇಲೇಳಲಿಲ್ಲ. ಸೋಲಾರಿಗೆ ಮೆಗಾವ್ಯಾಟಿಗೆ ನಾಲ್ಕೈದು ಕೋಟಿ ಸಾಕಾಗುವ ಕಾಲದಲ್ಲಿ ಈ ಬೆಲೆ ಕೊಟ್ಟು ಖಂಭಾತಿನಿಂದ ಕೊಳ್ಳುವುದಾದರೆ ಆ ಹೊರೆ ಬೀಳುವುದು ನಿಮ್ಮ ನಮ್ಮ ಬಿಲ್ಲಿನ ಮೇಲೆ. 12,455 ಎಂಬುದು ಕಾಗದದ ಮೇಲಿನ ಸಾಧ್ಯತೆ. ನಮ್ಮ ತಾಲ್ಲೂಕಿನಲ್ಲೂ ಕಾಗದದ ಮೇಲೆ ಎಷ್ಟೋ ಕೆರೆಗಳು ತುಂಬಿಕೊಂಡೇ ಇವೆ.

ನಂದಿ ತಪ್ಪಲಿನ ಮೇಷ್ಟ್ರು, ಚಿಕ್ಕಬಳ್ಳಾಪುರ

ಗಿರಾಕಿ ಇದ್ದಾನೆ, ಆದರೆ ಬಯಲುಸೀಮೆಯಲ್ಲಿ ಅಲ್ಲ. ಲಕ್ಷದ್ವೀಪದಂಥ ದ್ವೀಪಗಳು ಬಹುಪಾಲು ಹಡಗಿನಲ್ಲಿ ತಂದ ಡೀಸೆಲ್ ಉರಿಸಿಯೇ ದೀಪ ಹಚ್ಚುತ್ತವೆ. ಅಲ್ಲಿ ಸೋಲಾರಿಗೆ ಹಾಸಲು ಹೆಚ್ಚು ನೆಲವೂ ಇಲ್ಲ. ನಿಮ್ಮ ನಾಲ್ಕೈದು ಕೋಟಿಯ ಹೋಲಿಕೆ ಅಲ್ಲಿಗೆ ನೇರವಾಗಿ ಅನ್ವಯಿಸದು. ವಿಳಿಂಜಂನ ಕೇಂದ್ರ ಕೂಡ ಕೊನೆಗೆ ಗ್ರಿಡ್ಡನ್ನು ಬಿಟ್ಟು ಕಡಲ ನೀರನ್ನು ಸಿಹಿಯಾಗಿಸುವ ಪ್ರಯೋಗಕ್ಕೆ ತನ್ನ ವಿದ್ಯುತ್ತನ್ನು ಕೊಟ್ಟಿತು. ನನಗೆ ಅದು ಸೋಲೆನಿಸುವುದಿಲ್ಲ, ಸರಿಯಾದ ಗಿರಾಕಿಯನ್ನು ಹುಡುಕಿಕೊಂಡದ್ದು ಎನಿಸುತ್ತದೆ.

ಉಬ್ಬರದ ಪರವಾಗಿ ಇನ್ನೊಂದು ಮಾತು. ಮೋಡ ಯಾವಾಗ ಬರುತ್ತದೆಂದು ನಾಳೆಯ ಮಟ್ಟಿಗೂ ಖಚಿತವಾಗಿ ಹೇಳಲಾಗದು, ಉಬ್ಬರವನ್ನು ಮಾತ್ರ ವರ್ಷಗಳ ಮುಂಚೆಯೇ ನಿಮಿಷದ ಲೆಕ್ಕದಲ್ಲಿ ಹೇಳಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಉಬ್ಬರದ ಪಟ್ಟಿಯನ್ನು ಮುಂಗಡವಾಗಿ ಪಂಚಾಂಗದಂತೆ ಪ್ರಕಟಿಸುತ್ತದೆ. ಗ್ರಿಡ್ಡು ನಡೆಸುವವರಿಗೆ ಇಷ್ಟು ಮಾತಿಗೆ ತಪ್ಪದ ವಿದ್ಯುತ್ತು ಬೇರೆ ಇಲ್ಲ. ಆದರೆ ಸೀಮೆಯವರು ಬಯಸಿದ ಸಂಜೆಯ ದೀಪಕ್ಕೆ ಅದೊಂದೇ ಸಾಲದು: ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತದೆ. ಇಂದು ಸಂಜೆ ಏಳಕ್ಕೆ ತಿರುಗಿದ ಟರ್ಬೈನು ಮೂರು ದಿನದ ಮೇಲೆ ಒಂಬತ್ತೂವರೆಗೆ ತಿರುಗುತ್ತದೆ.

ತಿರುಮಣಿ ಸೀಮೆಯವ, ಪಾವಗಡ

ಎಲ್ಲರಿಗೂ ಋಣಿ. ನನ್ನ ಪ್ರಶ್ನೆಯಲ್ಲೇ ತಪ್ಪಿತ್ತು ಎಂದು ಈಗ ಕಾಣುತ್ತದೆ, ಅದನ್ನು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಕಡಲಿನಲ್ಲಿ ಯಾರೂ ಇಲ್ಲ ಎಂದು ನಾನು ದೂರದಿಂದ ಬರೆದೆ. ಪಾವಗಡದಲ್ಲಿ ಬರೀ ಬಂಜರು, ಅಲ್ಲಿ ಯಾರೂ ಇಲ್ಲ ಎಂದು ದೂರದವರು ನಮ್ಮ ಬಗ್ಗೆ ಬರೆದಾಗ ನನಗೆ ಕೆಂಡದಂಥ ಕೋಪ ಬಂದಿತ್ತು. ಸಂಜೆಯ ಕೊರತೆಗೆ ಶರಾವತಿಯಲ್ಲಿ ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವ್ಯಾಟಿನ ಯೋಜನೆ ಇದೆಯೆಂದು ಹೇಳುತ್ತಾರೆ, ಅಲ್ಲಿಯೂ ಕಾಡಿನ ತಕರಾರಿದೆ. ಅದನ್ನು ಬೇರೆಯೇ ಚರ್ಚೆಯಾಗಿ ಎತ್ತುವುದು ಒಳ್ಳೆಯದು, ಇಲ್ಲಿ ಬೆರೆಸುವುದಿಲ್ಲ.

ಕೋಲಾರದ ತಂಗಿಗೆ ಒಂದು ಕೋರಿಕೆ. ಐವತ್ತೆಂಟು ವರ್ಷವಾದರೂ ನಾನು ಕಡಲು ನೋಡಿರುವುದು ಧರ್ಮಸ್ಥಳಕ್ಕೆ ಹೋದಾಗ ಒಮ್ಮೆ, ಅದೂ ಬಸ್ಸಿನ ಕಿಟಕಿಯಿಂದ ಮಂಗಳೂರಿನ ಹತ್ತಿರ. ಜಂತ್ರಡಿಯ ನೀರು ಗುಡುಗುವುದನ್ನು ಒಮ್ಮೆ ಕಿವಿಯಾರೆ ಕೇಳಬೇಕೆನಿಸಿದೆ. ಯಾವ ತಿಂಗಳು, ಯಾವ ತಿಥಿಯಲ್ಲಿ ಹೋದರೆ ಸರಿ? ಅಮಾವಾಸ್ಯೆಯ ದಿನವೇ ಹೋಗಬೇಕೇ?

ಕೋಲಾರದ ಸೊಸೆ

ಅಣ್ಣ, ಖಂಡಿತ ಬನ್ನಿ. ಮಳೆಗಾಲದಲ್ಲಿ ಬೇಡ, ಆಗ ಬಾಗಿಲು ಹಾಕಿರುತ್ತದೆ. ಭತ್ತದ ಕೊಯ್ಲು ಮುಗಿದು ನೀರು ಬಿಡಲು ಶುರುಮಾಡಿದ ಮೇಲೆ, ಅಂದರೆ ಡಿಸೆಂಬರ್ ಕಳೆದ ನಂತರ ಹೋದರೆ ಒಳ್ಳೆಯದು. ದೊಡ್ಡ ಉಬ್ಬರ ಅಮಾವಾಸ್ಯೆಯ ದಿನವೇ ಬರುವುದಿಲ್ಲ, ಒಂದೆರಡು ದಿನ ತಡವಾಗಿ ಬರುತ್ತದೆ; ಹುಣ್ಣಿಮೆಗೂ ಹಾಗೆಯೇ. ಆದ್ದರಿಂದ ಬಿದಿಗೆಯ ದಿನಕ್ಕೆ ಊರು ಸೇರುವಂತೆ ಹೊರಡಿ. ಕಡಲಿನ ಬಾಯಲ್ಲಿ ಇಳಿತ ಶುರುವಾದ ಎಷ್ಟೋ ಹೊತ್ತಿನ ಮೇಲೆ ನಮ್ಮ ಗಜನಿಯ ಕಡೆ ನೀರು ತಿರುಗುತ್ತದೆ. ಪಟ್ಟಿಯಲ್ಲಿ ಬರೆದ ಗಂಟೆ ನಂಬಿ ಹೋದರೆ ಸುಮ್ಮನೆ ಕಾಯಬೇಕಾದೀತು. ನಮ್ಮಣ್ಣನಿಗೆ ಹೇಳಿರುತ್ತೇನೆ. ಹಲಗೆ ಎತ್ತುವ ಹೊತ್ತನ್ನು ಅವನು ಪಟ್ಟಿ ನೋಡಿ ಹೇಳುವುದಿಲ್ಲ, ಕಟ್ಟಿನ ಕಲ್ಲಿನ ಮೇಲೆ ಒದ್ದೆ ಗೆರೆ ಎಲ್ಲಿಯವರೆಗೆ ಇಳಿದಿದೆ ಎಂದು ನೋಡಿ ಹೇಳುತ್ತಾನೆ.